ಬೇಯದ ಕಾಳು, ಸೇರದ ಊಟ: ತುರ್ತಿಗೆಂದು ಕೂಡಿಟ್ಟ ದಿನಸಿಯಲ್ಲಿ ರುಚಿ ತರುವುದು ಹೇಗೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಐದು ಜನ. ನಾವಿಬ್ಬರು, ಎಂಟು ಮತ್ತು ಹನ್ನೊಂದು ವರ್ಷದ ಇಬ್ಬರು ಮಕ್ಕಳು, ರಕ್ತದೊತ್ತಡ ಇರುವ ಅತ್ತೆ. ಮೂರು ವರ್ಷದ ಹಿಂದೆ ಬಿರುಗಾಳಿಗೆ ಕರೆಂಟು, ರಸ್ತೆ ಎರಡೂ ಕಡಿದುಹೋಗಿ ತುಂಬ ಕಷ್ಟಪಟ್ಟೆವು. ಆಮೇಲೆ ಅಕ್ಕಿ, ಮಸೂರ ಬೇಳೆ, ರಾಜ್ಮಾ, ಪಾಸ್ತಾ, ಡಬ್ಬಿ ಟೊಮೆಟೊ, ಡಬ್ಬಿ ಮೀನು, ಹಾಲಿನ ಪುಡಿ, ಎಣ್ಣೆ ತಂದು ಮಹಡಿಯ ಮೇಲಿನ ಶೀಟಿನ ಕೋಣೆಯಲ್ಲಿ ಇಟ್ಟೆವು. ಹೋದ ತಿಂಗಳು ಒಂದು ವಾರ ಅಂಗಡಿಗೆ ಹೋಗದೆ ಅದರಲ್ಲೇ ಅಡುಗೆ ಮಾಡಿ ನೋಡೋಣ ಅಂದುಕೊಂಡೆ. ರಾತ್ರಿಯಿಡೀ ನೆನೆಸಿದ ರಾಜ್ಮಾವನ್ನು ಮೂರು ತಾಸು ಕುದಿಸಿದರೂ ಬೇಯಲಿಲ್ಲ, ಗ್ಯಾಸ್ ಮಾತ್ರ ಖರ್ಚಾಯಿತು. ಅನ್ನ ಬೇಳೆ ಸಪ್ಪೆ ಸಪ್ಪೆ. ಮೂರನೇ ದಿನಕ್ಕೆ ಮಕ್ಕಳು ತಟ್ಟೆ ಮುಟ್ಟಲಿಲ್ಲ. "ನಿಜವಾಗಿ ಹಸಿವಾದರೆ ಏನು ಕೊಟ್ಟರೂ ತಿನ್ನುತ್ತಾರೆ ಬಿಡು" ಎನ್ನುತ್ತಾರೆ ನನ್ನ ಯಜಮಾನರು. ಕಾಳಿಗೆ ಮೊದಲೇ ಉಪ್ಪು ಹಾಕಿದ್ದು ತಪ್ಪಾಯಿತೇ? ದಿನಾಂಕ ದಾಟಿದ ಡಬ್ಬಿಗಳನ್ನು ಚೆನ್ನಾಗಿ ಕುದಿಸಿದರೆ ತಿನ್ನಬಹುದೇ? ಒಂದು ಟೊಮೆಟೊ ಡಬ್ಬಿ ಸ್ವಲ್ಪ ಉಬ್ಬಿದೆ. ಇದೆಲ್ಲ ದುಡ್ಡು ದಂಡವಾಯಿತೇ ಅನಿಸುತ್ತಿದೆ.

ಉತ್ತರ: ದಂಡವಾಗಿಲ್ಲ. ದಿನಸಿ ಕೂಡಿಟ್ಟು, ಕಷ್ಟ ಬರುವ ಮೊದಲೇ ಅದರಲ್ಲಿ ಅಡುಗೆ ಮಾಡಿ ನೋಡುವವರು ಬಹಳ ಕಡಿಮೆ. ಹೆಚ್ಚಿನವರಿಗೆ ಕಾಳು ಬೇಯುವುದಿಲ್ಲ ಎಂಬ ಸಂಗತಿ ತಿಳಿಯುವುದೇ ಕರೆಂಟು ಹೋಗಿ, ಸಿಲಿಂಡರ್ ಖಾಲಿಯಾಗುತ್ತಾ ಬಂದಾಗ. ನಿಮಗೆ ಅದು ನೆಮ್ಮದಿಯ ದಿನಗಳಲ್ಲೇ ಗೊತ್ತಾಗಿದೆ, ತಿದ್ದಿಕೊಳ್ಳಲು ಸಮಯವಿದೆ.

ಮೊದಲು ನಿಮ್ಮ ಯಜಮಾನರ ಮಾತು. ಹಸಿದವರು ಏನನ್ನಾದರೂ ತಿನ್ನುತ್ತಾರೆ ಎಂಬುದು ಒಂದೆರಡು ದಿನದ ಮಟ್ಟಿಗೆ ಸರಿ. ಆಮೇಲೆ ಅದು ನಿಲ್ಲುವುದಿಲ್ಲ. ಒಂದೇ ರುಚಿಯ, ಒಂದೇ ಹದದ ತಿನಿಸು ಮತ್ತೆ ಮತ್ತೆ ಬಂದರೆ ಅದರ ಮೇಲಿನ ಆಸೆ ಹೊಟ್ಟೆ ತುಂಬುವ ಮೊದಲೇ ಇಳಿದುಹೋಗುತ್ತದೆ. ಬೇರೆ ರುಚಿಯದನ್ನು ಕೊಟ್ಟರೆ ಅದೇ ಹೊತ್ತಿನಲ್ಲಿ ಮತ್ತೆ ತಿನ್ನುತ್ತಾರೆ. ಮನುಷ್ಯನ ದೇಹ ಇರುವುದೇ ಹಾಗೆ. ಮಕ್ಕಳು ಮತ್ತು ವಯಸ್ಸಾದವರಲ್ಲಿ ಇದು ಬೇಗ ಕಾಣಿಸುತ್ತದೆ, ಅವರೇ ಬೇಗ ಸೊರಗುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ 'ಕೆ ರೇಷನ್' ಎಂಬ ಪೊಟ್ಟಣ ಕೊಡುತ್ತಿದ್ದರು. ಅದು ಕೆಲವೇ ದಿನಗಳಿಗೆಂದು ಮಾಡಿದ್ದು. 1944ರಲ್ಲಿ ಬರ್ಮಾದ ಕಾಡುಗಳಲ್ಲಿ ಹೋರಾಡಿದ ತುಕಡಿಗಳು ವಾರಗಟ್ಟಲೆ ಅದರಲ್ಲೇ ಬದುಕಬೇಕಾಗಿ ಬಂದು ಸೈನಿಕರು ಸೊರಗಿಹೋದರು. ಆ ಪೊಟ್ಟಣದಲ್ಲಿ ವಿಟಮಿನ್ ಸಿ ಇದ್ದದ್ದು ಮುಖ್ಯವಾಗಿ ನಿಂಬೆ ಪಾನಕದ ಪುಡಿಯಲ್ಲಿ. ಅದರ ಹುಳಿ ನಾಲಗೆ ಸುಡುವಂತಿದೆ ಎಂದು ಎಷ್ಟೋ ಜನ ಅದನ್ನು ಎಸೆದುಬಿಡುತ್ತಿದ್ದರು. ಲೆಕ್ಕದಲ್ಲಿ ಪೋಷಣೆ ಇತ್ತು, ಹೊಟ್ಟೆಗೆ ಹೋಗಲಿಲ್ಲ. ತುರ್ತು ಅಡುಗೆಮನೆಗಳಿಗೆ ಊಟದ ಪಟ್ಟಿ ಮಾಡಿಕೊಡುವ ಕೆಲಸದಲ್ಲಿ ನಾನು ಮೊದಲು ಕೇಳುವುದೇ ಇದನ್ನು: ತಟ್ಟೆಯಲ್ಲಿ ಎಷ್ಟು ಉಳಿಯಿತು? ರುಚಿಯನ್ನು ಶೋಕಿ ಎಂದುಕೊಳ್ಳಬೇಡಿ. ಊಟ ಒಳಗೆ ಹೋಗುವ ದಾರಿಯೇ ಅದು.

ಇನ್ನು ಬೇಯದ ರಾಜ್ಮಾ. ಉಪ್ಪು ಹಾಕಿದ್ದರಿಂದ ಕಾಳು ಗಟ್ಟಿಯಾಯಿತು ಎಂಬುದು ಬಹಳ ಹಳೆಯ ನಂಬಿಕೆ, ಅದು ನಿಜವಲ್ಲ. ನೆನೆಸುವ ನೀರಿಗೆ ಉಪ್ಪು ಹಾಕಿದರೆ ಕಾಳು ಇನ್ನೂ ಚೆನ್ನಾಗಿ ಬೇಯುತ್ತದೆ. ನಿಮ್ಮ ಕಾಳನ್ನು ಕೆಡಿಸಿದ್ದು ಶೀಟಿನ ಕೋಣೆಯ ಸೆಖೆ.

ಕಾಳಿನೊಳಗೆ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪೆಕ್ಟಿನ್ ಎಂಬ ಅಂಟು ಇದೆ, ಇಟ್ಟಿಗೆಗಳ ನಡುವಿನ ಗಾರೆಯ ಹಾಗೆ. ಬೇಯುವುದು ಎಂದರೆ ಆ ಗಾರೆ ಕರಗಿ ಕೋಶಗಳು ಬಿಡಿಬಿಡಿಯಾಗುವುದು. ಸೆಖೆ ಮತ್ತು ತೇವ ಎರಡೂ ಇರುವ ಕಡೆ ತಿಂಗಳುಗಟ್ಟಲೆ ಇಟ್ಟರೆ ಕಾಳಿನಲ್ಲಿ ಖನಿಜಗಳನ್ನು ಹಿಡಿದಿಟ್ಟಿರುವ ಫೈಟೇಟ್ ಎಂಬ ವಸ್ತು ನಿಧಾನವಾಗಿ ಒಡೆಯುತ್ತದೆ. ಅದು ಹಿಡಿದುಕೊಂಡಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಡುಗಡೆಯಾಗಿ ಹೋಗಿ ಈ ಪೆಕ್ಟಿನ್‌ಗೆ ಕಟ್ಟಿಕೊಂಡು ಅದನ್ನು ಬಿಗಿ ಮಾಡುತ್ತವೆ. ಆಮೇಲೆ ನೀರು ಎಷ್ಟು ಕುದಿದರೂ ಗಾರೆ ಕರಗುವುದಿಲ್ಲ. ಗಡಸು ನೀರಿನಲ್ಲೂ ಇದೇ ಕ್ಯಾಲ್ಸಿಯಂ ಇರುವುದರಿಂದ ಬೋರಿನ ನೀರಲ್ಲಿ ಬೇಯಿಸಿದರೆ ಇನ್ನೂ ತಡ. ಉಪ್ಪಿನಲ್ಲಿರುವ ಸೋಡಿಯಂ ಆ ಕ್ಯಾಲ್ಸಿಯಂ ಅನ್ನು ಅಲ್ಲಲ್ಲಿ ತಳ್ಳಿ ತಾನು ಕೂರುತ್ತದೆ, ಆದ್ದರಿಂದ ಉಪ್ಪು ನೀರು ಸಹಾಯ ಮಾಡುತ್ತದೆ. ಟೊಮೆಟೊ, ವಿನೆಗರ್, ನಿಂಬೆಯಂಥ ಹುಳಿ ಮಾತ್ರ ನಿಜವಾಗಿಯೂ ಕಾಳನ್ನು ಬಿಗಿ ಮಾಡುತ್ತದೆ. ಮೂರು ತಾಸಿನ ಕುದಿಯಲ್ಲಿ ನೀವು ಟೊಮೆಟೊವನ್ನು ಮೊದಲೇ ಸುರಿದಿದ್ದರೆ ಅದೂ ಒಂದು ಕಾರಣ.

ಉಳಿದಿರುವ ರಾಜ್ಮಾವನ್ನು ಎಸೆಯಬೇಡಿ. ಒಂದು ಲೀಟರ್ ನೀರಿಗೆ ಸುಮಾರು 15 ಗ್ರಾಂ, ಎಂದರೆ ಹೆಚ್ಚುಕಡಿಮೆ ಒಂದು ದೊಡ್ಡ ಚಮಚ ಉಪ್ಪು ಹಾಕಿ ರಾತ್ರಿಯಿಡೀ ನೆನೆಸಿ. ಬೆಳಗ್ಗೆ ಆ ನೀರು ಚೆಲ್ಲಿ, ತೊಳೆದು, ಹೊಸ ನೀರಿಗೆ ಲೀಟರಿಗೆ ಕಾಲು ಚಿಕ್ಕ ಚಮಚದಷ್ಟು ಅಡುಗೆ ಸೋಡಾ ಹಾಕಿ ಪ್ರೆಶರ್ ಕುಕ್ಕರಿನಲ್ಲಿ ಬೇಯಿಸಿ. ಸೋಡಾ ಇದಕ್ಕಿಂತ ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ, ಬಿ1 ವಿಟಮಿನ್ ಕೂಡ ನಾಶವಾಗುತ್ತದೆ. ಮೊದಲು ಒಂದು ಹಿಡಿ ಕಾಳಿನಲ್ಲಿ ಪರೀಕ್ಷಿಸಿ. ಅದಕ್ಕೂ ಬಗ್ಗದಿದ್ದರೆ ಒಣ ಕಾಳನ್ನೇ ಮಿಕ್ಸಿಯಲ್ಲಿ ಪುಡಿ ಮಾಡಿಟ್ಟುಕೊಂಡು ಗಟ್ಟಿ ಸೂಪಿಗೆ ಬಳಸಬಹುದು. ಪುಡಿಯಾದ ಮೇಲೆ ಗಡಸುತನದ ಪ್ರಶ್ನೆ ಹೆಚ್ಚು ಉಳಿಯುವುದಿಲ್ಲ. ಆದರೆ ರಾಜ್ಮಾ ಪುಡಿಯನ್ನೂ ಅರ್ಧ ಗಂಟೆ ಚೆನ್ನಾಗಿ ಕುದಿಸಲೇಬೇಕು.

ಯಾಕೆ ಎಂದು ಬಿಡಿಸಿ ಹೇಳಬೇಕು, ಏಕೆಂದರೆ ಗ್ಯಾಸ್ ಉಳಿಸಲು ಹೋಗಿ ಜನ ಎಡವುವುದು ಇಲ್ಲಿಯೇ. ಹಸಿ ರಾಜ್ಮಾದಲ್ಲಿ ಫೈಟೊಹೀಮಗ್ಲುಟಿನಿನ್ ಎಂಬ ವಿಷವಿದೆ. ನಾಲ್ಕೈದು ಕಾಳು ಹಸಿಯಾಗಿ ಹೊಟ್ಟೆಗೆ ಹೋದರೂ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗಬಹುದು. ಕನಿಷ್ಠ 5 ಗಂಟೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕೊತಕೊತ ಕುದಿಸಿದರೆ ಅದು ನಾಶವಾಗುತ್ತದೆ. 80 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಬಿಸಿಯಲ್ಲಿ ನಿಧಾನವಾಗಿ ಬೇಯಿಸಿದರೆ ವಿಷ ಹೋಗದೆ ಇನ್ನೂ ಹೆಚ್ಚಬಹುದು. ನೀವು ಮೂರು ತಾಸು ಕುದಿಸಿದ ಕಾಳು ಗಟ್ಟಿಯಾಗಿತ್ತೇ ಹೊರತು ಈ ವಿಷದ ಭಯ ಅದರಲ್ಲಿ ಇರಲಿಲ್ಲ. ಅರೆಬೆಂದ ಕಾಳಿನ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು, ತನ್ನ ಬಿಸಿಯಲ್ಲೇ ಮೆತ್ತಗಾಗಲಿ ಎಂದು ಕಾಯುವುದು ಅಪಾಯ.

ನನ್ನನ್ನು ಕೇಳಿದರೆ, ತುರ್ತಿನ ಕಪಾಟಿನಲ್ಲಿ ರಾಜ್ಮಾಕ್ಕಿಂತ ಮಸೂರಕ್ಕೆ ಹೆಚ್ಚು ಜಾಗ ಕೊಡುತ್ತೇನೆ. ಸಿಪ್ಪೆ ತೆಗೆದ ಮಸೂರ ಬೇಳೆ ನೆನೆಸದೆಯೇ 20 ನಿಮಿಷದೊಳಗೆ ಬೇಯುತ್ತದೆ. ರಾಜ್ಮಾ, ಕಡಲೆ ಬೇಕೆನಿಸಿದರೆ ಬೆಂದದ್ದೇ ಡಬ್ಬಿಯಲ್ಲಿ ಸಿಗುತ್ತದೆ.

ಈಗ ಸಪ್ಪೆಯ ವಿಷಯ. ನಿಮ್ಮ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಅಕ್ಕಿ, ಬೇಳೆ, ಪಾಸ್ತಾ, ಹಾಲಿನ ಪುಡಿ: ಎಲ್ಲವೂ ಮೆತ್ತಗೆ, ಎಲ್ಲವೂ ಸಪ್ಪೆ. ಹುಳಿ ಎಂದರೆ ಟೊಮೆಟೊ ಒಂದೇ. ಘಮ ಬರುವ ವಸ್ತು ಒಂದೂ ಇಲ್ಲ, ಕಚ್ಚಿದರೆ ಕರುಂ ಎನ್ನುವುದು ಒಂದೂ ಇಲ್ಲ. ದಿನಸಿ ಕೂಡಿಡುವವರು ಕಿಲೋ, ಕ್ಯಾಲೊರಿ ಲೆಕ್ಕ ಹಾಕುತ್ತಾರೆ, ರುಚಿ ಕೊಡುವ ಸಣ್ಣ ಪೊಟ್ಟಣಗಳು ಪಟ್ಟಿಗೆ ಬರುವುದೇ ಇಲ್ಲ. ಜಾಗ ಹಿಡಿಯದ, ವರ್ಷಗಟ್ಟಲೆ ಕೆಡದ ಇವನ್ನು ಸೇರಿಸಿ: ಒಣ ಈರುಳ್ಳಿ ಚೂರು, ಬೆಳ್ಳುಳ್ಳಿ ಪುಡಿ, ವಿನೆಗರ್, ಸೋಯಾ ಸಾಸ್, ಟೊಮೆಟೊ ಪೇಸ್ಟ್, ಸಕ್ಕರೆ, ಇಡಿಯಾದ ಮಸಾಲೆ ಪದಾರ್ಥ. ಪುಡಿ ಮಾಡಿದ್ದಕ್ಕಿಂತ ಇಡಿ ಮಸಾಲೆ ಘಮವನ್ನು ಬಹಳ ಕಾಲ ಹಿಡಿದಿಡುತ್ತದೆ.

ಅದೇ ಅಕ್ಕಿ, ಅದೇ ಬೇಳೆಯಲ್ಲಿ ಒಂದು ಹೊತ್ತಿನ ಅಡುಗೆ ಹೇಳುತ್ತೇನೆ, ಮಾಡಿ ನೋಡಿ. ಒಣ ಬೇಳೆಯನ್ನು ಬರಿಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಒಂದೆರಡು ನಿಮಿಷಕ್ಕೆ ಬಣ್ಣ ಮಾಸಲಾಗಿ, ಹುರಿದ ಬೀಜದ ವಾಸನೆ ಏಳುತ್ತದೆ. ಆಗ ಇಳಿಸಿ, ಬರಿಯ ನೀರಿನಲ್ಲಿ ಮೆತ್ತಗೆ ಬೇಯಿಸಿ. ಟೊಮೆಟೊ ಈಗ ಬೇಡ. ಅತ್ತ ಒಂದು ಹಿಡಿ ಒಣ ಈರುಳ್ಳಿಯನ್ನು ಕಾಲು ಗಂಟೆ ನೀರಲ್ಲಿ ನೆನೆಸಿ, ಹಿಂಡಿ, ಧಾರಾಳ ಎಣ್ಣೆಯಲ್ಲಿ ಅಂಚು ಕಂದಾಗುವವರೆಗೆ ಬಾಡಿಸಿ. ನೆನೆಸದೆ ಹಾಕಿದರೆ ಕ್ಷಣದಲ್ಲಿ ಸೀದು ಕಹಿಯಾಗುತ್ತದೆ. ಹಿಂಡಿದ ನೀರು ಬೇಳೆಗೆ ಹೋಗಲಿ. ಈಗ ಮಸಾಲೆಯನ್ನು ಎಣ್ಣೆಗೇ ಹಾಕಿ. ಅದರ ಘಮ ನೀರಿಗಿಂತ ಎಣ್ಣೆಗೆ ಚೆನ್ನಾಗಿ ಇಳಿಯುತ್ತದೆ, ಎಣ್ಣೆ ಅದನ್ನು ಇಡೀ ಪಾತ್ರೆಗೆ ಹಂಚುತ್ತದೆ. ಹಿಂದೆಯೇ ಎರಡು ಚಮಚ ಟೊಮೆಟೊ ಪೇಸ್ಟ್ ಹಾಕಿ, ಕೆಂಪು ಹೋಗಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಕೈಯಾಡಿಸಿ. ಡಬ್ಬಿಯ ಲೋಹದಂಥ ವಾಸನೆ ಹೋಗುವುದು ಈ ಹಂತದಲ್ಲಿ. ಬೆಂದ ಬೇಳೆ ಸುರಿದು ಒಂದು ಕುದಿ ಬರಿಸಿ, ಒಲೆ ಆರಿಸಿದ ಮೇಲೆ ಅರ್ಧ ಚಮಚ ವಿನೆಗರ್ ಬೆರೆಸಿ. ಉಪ್ಪು ಸಾಲದು ಅನಿಸುತ್ತಿದ್ದ ಅಡುಗೆಗೆ ನಿಜವಾಗಿ ಬೇಕಿದ್ದದ್ದು ಹುಳಿ ಎಂಬುದು ಆಗ ಗೊತ್ತಾಗುತ್ತದೆ. ಕೊನೆಗೆ ಕುಟ್ಟಿದ ಖಾರದ ಬಿಸ್ಕತ್ತು ಅಥವಾ ಒಣ ಬ್ರೆಡ್ಡಿನ ಚೂರನ್ನು ಎಣ್ಣೆಯಲ್ಲಿ ಹುರಿದು ಬಡಿಸುವಾಗ ಮೇಲೆ ಉದುರಿಸಿ. ಮೆತ್ತನೆ ಊಟದ ನಡುವೆ ಆ ಕರುಂ ಸದ್ದು ಮಕ್ಕಳಿಗೆ ಬಹಳ ಮುಖ್ಯ.

ಡಬ್ಬಿ ಮೀನಿಗೆ ಎರಡು ಮಾತು. ಎಣ್ಣೆಯಲ್ಲಿ ಮುಳುಗಿಸಿದ ಮೀನಾದರೆ ಆ ಎಣ್ಣೆಯಲ್ಲೇ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ. ಮೀನನ್ನು ಕಟ್ಟಕಡೆಗೆ ಹಾಕಿ ಬಿಸಿ ಮಾಡಿದರೆ ಸಾಕು, ಅದು ಡಬ್ಬಿಯಲ್ಲೇ ಬೆಂದಿರುತ್ತದೆ. ಮಕ್ಕಳು ಮೂಗು ಮುಚ್ಚುವ ವಾಸನೆ ಅಮೈನ್ ಎಂಬ ವಸ್ತುಗಳದ್ದು, ವಿನೆಗರ್ ಅಥವಾ ನಿಂಬೆಯ ಹುಳಿ ಅದನ್ನು ತಗ್ಗಿಸುತ್ತದೆ.

ಹಾಲಿನ ಪುಡಿಯನ್ನು ಮೊದಲು ಸ್ವಲ್ಪ ಬೆಚ್ಚಗಿನ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ತೆಳು ಮಾಡಿ. ಕೆನೆ ತೆಗೆಯದ ಹಾಲಿನ ಪುಡಿ ಬೇಗ ಕಮಟುತ್ತದೆ, ಮೂರು ವರ್ಷ ಸೆಖೆಯಲ್ಲಿದ್ದದ್ದು ಚೆನ್ನಾಗಿರುವುದು ಅನುಮಾನ. ಎಣ್ಣೆಯೂ ಹಾಗೆಯೇ: ಮೂಸಿ ನೋಡಿ, ಹಳೆಯ ಪೇಂಟಿನ ವಾಸನೆ ಬಂದರೆ ಅದರ ಆಯುಸ್ಸು ಮುಗಿದಿದೆ. ಒಂದು ಚಮಚ ಕಮಟು ಎಣ್ಣೆ ಇಡೀ ಪಾತ್ರೆಯ ಅಡುಗೆಯನ್ನು ಕೆಡಿಸುತ್ತದೆ. ಎಣ್ಣೆಯನ್ನು ದೊಡ್ಡ ಡಬ್ಬದಲ್ಲಿ ಕೊಳ್ಳದೆ ಸಣ್ಣ ಬಾಟಲಿಗಳಲ್ಲಿ ತನ್ನಿ, ಕತ್ತಲಲ್ಲಿ ಇಡಿ, ವರ್ಷದೊಳಗೆ ಬಳಸಿ. ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಬಗ್ಗೆ ಚಿಂತೆ ಬೇಡ. ಒಣಗಿರುವ, ಹುಳ ಹಿಡಿಯದ ಅಕ್ಕಿ ಗಾಳಿಯಾಡದ ಡಬ್ಬದಲ್ಲಿ ಬಹಳ ವರ್ಷ ಇರುತ್ತದೆ, ಅಡುಗೆಗೆ ನೀರು ತುಸು ಹೆಚ್ಚು ಕೇಳುತ್ತದೆ ಅಷ್ಟೆ. ಕೆಂಪು, ಕಂದು ಅಕ್ಕಿಯ ತವುಡಿನಲ್ಲಿ ಎಣ್ಣೆಯಂಶ ಇರುವುದರಿಂದ ಅದು ಆರು ತಿಂಗಳು, ವರ್ಷದಲ್ಲಿ ಕಮಟುತ್ತದೆ.

ಇನ್ನು ಡಬ್ಬಿಗಳು. ಅದರ ಮೇಲಿನ ಉತ್ತಮ ಬಳಕೆಯ ದಿನಾಂಕ ಹೇಳುವುದು ಮುಖ್ಯವಾಗಿ ರುಚಿ, ಬಣ್ಣ, ಹದದ ಬಗ್ಗೆ. ತಂಪಿನಲ್ಲಿಟ್ಟ, ತುಕ್ಕು, ಸೋರಿಕೆ, ಆಳದ ನೆಗ್ಗು ಇಲ್ಲದ ಡಬ್ಬಿ ಆ ದಿನ ದಾಟಿದ ಮಾತ್ರಕ್ಕೆ ವಿಷವಾಗುವುದಿಲ್ಲ. ಟೊಮೆಟೊದಂಥ ಹುಳಿ ಪದಾರ್ಥ ಒಂದೂವರೆ ವರ್ಷದ ಆಚೆಗೆ ರುಚಿ ಕಳೆದುಕೊಳ್ಳುತ್ತದೆ. ಮೀನು, ಕಾಳು, ಮಾಂಸ ಎರಡರಿಂದ ಐದು ವರ್ಷ ಚೆನ್ನಾಗಿರುತ್ತವೆ. ನಿಮ್ಮವು ಸೆಖೆಯಲ್ಲಿದ್ದವು, ಆದ್ದರಿಂದ ಈ ಲೆಕ್ಕದಲ್ಲಿ ಕಡಿಮೆಯದನ್ನೇ ಹಿಡಿಯಿರಿ.

ಉಬ್ಬಿದ ಆ ಒಂದು ಡಬ್ಬಿಯ ವಿಷಯದಲ್ಲಿ ಮಾತ್ರ ನನ್ನ ಉತ್ತರ ಖಡಾಖಂಡಿತ: ತೆರೆಯಬೇಡಿ, ರುಚಿ ನೋಡಬೇಡಿ. ಟೊಮೆಟೊದ ಹುಳಿ ಒಳಗಿನ ತಗಡನ್ನು ತಿಂದು ಹೈಡ್ರೋಜನ್ ಬಿಟ್ಟದ್ದರಿಂದಲೂ ಉಬ್ಬಿರಬಹುದು, ಬ್ಯಾಕ್ಟೀರಿಯಾದಿಂದಲೂ ಉಬ್ಬಿರಬಹುದು. ಹೊರಗಿನಿಂದ ನೋಡಿ ಇಂಥದ್ದೇ ಎಂದು ಹೇಳಲು ನನಗೂ ಆಗದು, ನಿಮಗೂ ಆಗದು. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಟೇಪ್ ಹಚ್ಚಿ, ಮಕ್ಕಳು, ಪ್ರಾಣಿಗಳು ಮುಟ್ಟದ ಹಾಗೆ ಕಸಕ್ಕೆ ಹಾಕಿ.

"ಚೆನ್ನಾಗಿ ಕುದಿಸಿದರೆ ಎಲ್ಲ ಸರಿಯಾಗುತ್ತದೆ" ಎಂಬ ನಂಬಿಕೆ ಇವೆಲ್ಲಕ್ಕಿಂತ ಅಪಾಯದ್ದು. ಬ್ಯಾಕ್ಟೀರಿಯಾ ಸತ್ತರೂ ಅದು ಬಿಟ್ಟ ವಿಷ ಉಳಿಯಬಹುದು. ಇದು ಡಬ್ಬಿಗಿಂತ ಹೆಚ್ಚಾಗಿ ಕಾಡುವುದು ತಂಗಳನ್ನದಲ್ಲಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಇರುತ್ತದೆ, ಅನ್ನ ಕುದಿದರೂ ಅದು ಸಾಯುವುದಿಲ್ಲ. ಫ್ರಿಜ್ ಇಲ್ಲದೆ ಅನ್ನ ಉಗುರುಬೆಚ್ಚಗೆ ಕೂತರೆ ಅದು ಮೊಳೆತು, ವಾಂತಿ ಬರಿಸುವ ವಿಷ ಬಿಡುತ್ತದೆ. ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಕರೆಂಟು ಇಲ್ಲದ ದಿನಗಳಲ್ಲಿ ಒಂದು ಹೊತ್ತಿಗೆ ಆಗುವಷ್ಟೇ ಮಾಡಿ, ಎರಡು ಗಂಟೆಯೊಳಗೆ ತಿಂದು ಮುಗಿಸಿ. ತೆರೆದ ಡಬ್ಬಿಗೂ ಕಲಸಿದ ಹಾಲಿಗೂ ಇದೇ ಲೆಕ್ಕ. ಕೊಳ್ಳುವಾಗಲೇ ಸಣ್ಣ ಡಬ್ಬಿ ಆರಿಸಿಕೊಳ್ಳಿ. ಕರೆಂಟು ಹೋದ ತಕ್ಷಣ ಈ ದಿನಸಿಗೆ ಕೈ ಹಾಕುವುದೂ ಬೇಡ: ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ, ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಂಪಾಗಿರುತ್ತದೆ. ಮೊದಲು ಅದನ್ನು ಮುಗಿಸಿ.

ಗ್ಯಾಸ್ ಉಳಿಸುವ ದಾರಿಗಳಿವೆ. ಪಾಸ್ತಾವನ್ನು ತಣ್ಣೀರಿನಲ್ಲಿ ಒಂದೂವರೆ ಗಂಟೆ ನೆನೆಸಿದರೆ ಬಿಸಿ ಸಾಸಿನಲ್ಲಿ ಒಂದೆರಡು ನಿಮಿಷ ಕುದಿಸಿದರೆ ಸಾಕು, ನೆನೆಸಿದ ನೀರೂ ಸಾಸಿಗೇ ಹೋಗುತ್ತದೆ. ಅಕ್ಕಿ ಅಥವಾ ಮಸೂರವನ್ನು ಭಾರದ ಪಾತ್ರೆಯಲ್ಲಿ ಮುಕ್ಕಾಲು ಪಾಲು ತುಂಬಿಸಿ, ಗಟ್ಟಿ ಮುಚ್ಚಳ ಮುಚ್ಚಿ 10 ನಿಮಿಷ ಕುದಿಸಿ, ಒಲೆಯಿಂದ ಇಳಿಸಿ ದಪ್ಪ ಕಂಬಳಿಗಳಲ್ಲಿ ಸುತ್ತಿ ಪೆಟ್ಟಿಗೆಯೊಳಗೆ ಇಟ್ಟರೆ ಒಂದೆರಡು ಗಂಟೆಯಲ್ಲಿ ತನ್ನ ಬಿಸಿಯಲ್ಲೇ ಬೆಂದಿರುತ್ತದೆ. ನಡುವೆ ತೆರೆದು ನೋಡಬೇಡಿ. ತೆಗೆದಾಗ ಹಬೆಯಾಡುತ್ತಿರಬೇಕು, 60 ಡಿಗ್ರಿಗಿಂತ ಕೆಳಗಿಳಿದು ಬಹಳ ಹೊತ್ತು ಕೂತದ್ದನ್ನು ತಿನ್ನಬಾರದು. ಸ್ವಲ್ಪವೇ ಅಡುಗೆ ಮಾಡುವಾಗ ಈ ವಿಧಾನ ಕೈಕೊಡುತ್ತದೆ, ಏಕೆಂದರೆ ಸಣ್ಣ ಪಾತ್ರೆ ಬೇಗ ಆರುತ್ತದೆ. ಇದ್ದಿಲಿನ ಒಲೆ, ಕ್ಯಾಂಪ್ ಸ್ಟವ್‌ಗಳನ್ನು ಯಾವ ಕಾರಣಕ್ಕೂ ಮನೆಯೊಳಗೆ ಹಚ್ಚಬೇಡಿ. ಅವುಗಳಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ.

ನೀರನ್ನು ಲೆಕ್ಕಕ್ಕೆ ಹಿಡಿದಿರಾ? ಕುಡಿಯಲು, ಅಡುಗೆಗೆ, ಕನಿಷ್ಠ ಸ್ವಚ್ಛತೆಗೆ ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್ ಬೇಕು. ಒಣ ಕಾಳು ನೆನೆಸಿ ಚೆಲ್ಲುವ ನೀರು ಇದರಲ್ಲೇ ಬರಬೇಕು. ಎಲ್ಲವನ್ನೂ ಒಣ ದಿನಸಿಯಲ್ಲೇ ಇಡಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ. ಬಿಸಿನೀರು ಸುರಿದು ತಿನ್ನುವ ತಯಾರಿ ಪೊಟ್ಟಣಗಳು ಸುಲಭ, ಆದರೆ ದುಬಾರಿ, ಉಪ್ಪು ಬಹಳ. ಡಬ್ಬಿಗಳು ಭಾರ, ಆದರೆ ನೀರು, ಬೆಂಕಿ ಎರಡೂ ಇಲ್ಲದಾಗ ಕೈ ಹಿಡಿಯುವುದು ಅವೇ. ಮೊದಲ ಮೂರು ದಿನಕ್ಕೆ ಡಬ್ಬಿ, ಆಮೇಲಕ್ಕೆ ಅಕ್ಕಿ ಬೇಳೆ, ಇದು ನಾನು ಮನೆಗಳಿಗೆ ಹೇಳುವ ಲೆಕ್ಕ.

ಹಸಿ ತರಕಾರಿ ಸಿಗದ ದಿನಗಳು ಉದ್ದವಾದರೆ ಇಡಿ ಮಸೂರ, ಹೆಸರು ಕಾಳನ್ನು ಮೊಳಕೆ ಕಟ್ಟಿ. ಒಣ ಕಾಳಿನಲ್ಲಿ ಹೆಚ್ಚುಕಡಿಮೆ ಇಲ್ಲದ ವಿಟಮಿನ್ ಸಿ ಎರಡು ಮೂರು ದಿನದ ಮೊಳಕೆಯಲ್ಲಿ ಹುಟ್ಟುತ್ತದೆ. ಹಸಿಯಾಗಿ ತಿನ್ನದೆ ಹಬೆಯಲ್ಲಿ ಬೇಯಿಸಿಕೊಳ್ಳಿ, ಮೊಳಕೆಗೆ ಬೇಕಾದ ತೇವ, ಬೆಚ್ಚಗೆ ಎರಡೂ ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾಗೂ ಹಿತ. ರಾಜ್ಮಾ ಮೊಳಕೆ ಮಾತ್ರ ಬೇಡ.

ಈ ವಾರ ನೀವು ಮಾಡಬೇಕಾದದ್ದು ದಿನಸಿಯನ್ನು ಶೀಟಿನ ಕೋಣೆಯಿಂದ ಕೆಳಗಿಳಿಸುವುದು. ಹತ್ತು ಡಿಗ್ರಿ ಬಿಸಿ ಹೆಚ್ಚಿದರೆ ಕೆಡುವ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಮಂಚದ ಕೆಳಗಾದರೂ ಸರಿ, ಮನೆಯಲ್ಲಿ ತಂಪಾದ ಮೂಲೆ ಹುಡುಕಿ. ಆಮೇಲೆ ವಾರಕ್ಕೊಂದು ಊಟ ಅದರಲ್ಲೇ ಆಗಲಿ, ತೆಗೆದದ್ದರ ಜಾಗಕ್ಕೆ ಹೊಸದು ಹಿಂದಿನ ಸಾಲಿಗೆ ಬರಲಿ. ಯಾವ ಊಟ ಸೇರಿತು ಎಂದು ಮಕ್ಕಳನ್ನೇ ಕೇಳಿ, ಸೇರದ್ದನ್ನು ಮತ್ತೆ ಕೊಳ್ಳಬೇಡಿ.

ಅತ್ತೆಯವರ ವಿಷಯ ಕೊನೆಗೆ ಉಳಿಸಿಕೊಂಡೆ, ಏಕೆಂದರೆ ಅವರಿಗೆ ಇದರಲ್ಲಿ ಬೇರೆ ಲೆಕ್ಕವಿದೆ. ಡಬ್ಬಿಯ ಕಾಳನ್ನು ಸೋಸಿ, ತೊಳೆದರೆ ಅದರ ಉಪ್ಪು ಮೂರನೇ ಒಂದು ಪಾಲಾದರೂ ಇಳಿಯುತ್ತದೆ. ಸೋಯಾ ಸಾಸ್, ಅಡುಗೆ ಸೋಡಾಗಳಲ್ಲೂ ಸೋಡಿಯಂ ಇದೆ, ಅವರ ಪಾಲನ್ನು ಮೊದಲೇ ಬೇರೆ ತೆಗೆದು ಹುಳಿ, ಈರುಳ್ಳಿ, ಮಸಾಲೆಯಲ್ಲಿ ರುಚಿ ಕಟ್ಟಿ. ಉಪ್ಪಿನ ಬದಲಿಗೆ ಸಿಗುವ ಪೊಟ್ಯಾಸಿಯಂ ಉಪ್ಪನ್ನು ವೈದ್ಯರನ್ನು ಕೇಳದೆ ಕೊಡಬೇಡಿ. ಬಿಪಿಯ ಕೆಲವು ಮಾತ್ರೆಗಳ ಜೊತೆ ಅದು ರಕ್ತದಲ್ಲಿ ಪೊಟ್ಯಾಸಿಯಂ ಅನ್ನು ಅಪಾಯದ ಮಟ್ಟಕ್ಕೆ ಏರಿಸಬಹುದು. ಅವರ ಮಾತ್ರೆಗಳನ್ನೂ ಎರಡು ವಾರಕ್ಕೆ ಆಗುವಷ್ಟು ಅದೇ ಕಪಾಟಿನ ಪಟ್ಟಿಯಲ್ಲಿ ಬರೆದಿಡಿ.